ಹೊಸ ಫೋನಿನ ಗಾಳಿಸುದ್ದಿ ನಂಬಿ ಇಂಟ್ರಾಡೇ ಮಾಡುವ ಮುನ್ನ: ಮೊದಲಿಂದ ಕೊನೆಯವರೆಗೆ ಮಾಡಬೇಕಾದ್ದು

"ಅಣ್ಣಾ, ಮಡಚೋ ಫೋನ್ ಬರ್ತೈತಂತೆ. ಯಾವ ಷೇರು ತಗೊಳ್ಳಲಿ?" ಬಳ್ಳಾರಿಯ ಜೀನ್ಸ್ ಘಟಕಗಳಿಂದ, ತೋರಣಗಲ್ಲಿನಲ್ಲಿ ಶಿಫ್ಟ್ ಮುಗಿಸಿ ಬಂದವರಿಂದ, ಗಂಗಾವತಿಯ ರೈಸ್ ಮಿಲ್ ಕಚೇರಿಗಳಿಂದ ನನಗೆ ಬರುವ ಪ್ರಶ್ನೆ ಹೆಚ್ಚುಕಮ್ಮಿ ಇದೇ. ಸ್ವಲ್ಪ ದಿನ ಕಳೆದರೆ ಅವರಿಂದಲೇ ಇನ್ನೊಂದು ಪ್ರಶ್ನೆ: "ಸಿಕ್ಕಾಕೊಂಡೀನಿ, ಈಗ ಏನ್ ಮಾಡ್ಲಿ?"

ಇವರಿಗೆ ಬುದ್ಧಿ ಕಡಿಮೆ ಅಂತಲ್ಲ. ಕೆಲಸದ ಕ್ರಮ ತಲೆಕೆಳಗಾಗಿದೆ, ಅಷ್ಟೇ. ಮೊದಲು ಷೇರು ಕೊಳ್ಳುತ್ತಾರೆ. ಆಮೇಲೆ ಸುದ್ದಿ ನಿಜವಾ ಅಂತ ಹುಡುಕುತ್ತಾರೆ. ಎಷ್ಟು ಕೊಂಡೆ ಅನ್ನುವುದು ಬೆಲೆ ಇಳಿದಾಗ ನೆನಪಾಗುತ್ತದೆ. ಎಲ್ಲಿ ಹೊರಬರಬೇಕು ಅನ್ನುವ ಯೋಚನೆ ಕೊನೆಗೆ ಬರುತ್ತದೆ, ಎಷ್ಟೋ ಸಲ ಬರುವುದೇ ಇಲ್ಲ. ಇಂಟ್ರಾಡೇಗೆ, ಅಂದರೆ ಕೊಂಡ ಷೇರನ್ನು ಅದೇ ದಿನ ಮಾರಿ ಮುಗಿಸುವ ಕೆಲಸಕ್ಕೆ, ಕೆಳಗಿನ ಹಂತಗಳಲ್ಲಿ ಈ ಕ್ರಮವನ್ನು ಸರಿ ಮಾಡಿದ್ದೇನೆ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಹಾರಬೇಡಿ. ಹೆಸರಿಸಿರುವ ಕಂಪನಿಗಳು ಉದಾಹರಣೆಗೆ ಮಾತ್ರ, ಕೊಳ್ಳಿ ಅಂತ ಹೇಳುತ್ತಿಲ್ಲ.

## ಹಂತ 1: ಯಾವ ದುಡ್ಡು, ಎಷ್ಟು ದುಡ್ಡು

ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಜುಲೈನಲ್ಲಿ ಒಂದು ಅಧ್ಯಯನ ಹೊರತಂದಿತು. 2022-23ರಲ್ಲಿ ಷೇರುಗಳಲ್ಲಿ ಇಂಟ್ರಾಡೇ ಮಾಡಿದ ಸಾಮಾನ್ಯ ಜನರಲ್ಲಿ 10ಕ್ಕೆ 7 ಮಂದಿ ನಷ್ಟ ಮಾಡಿಕೊಂಡಿದ್ದರು. ವರ್ಷಕ್ಕೆ 500ಕ್ಕಿಂತ ಜಾಸ್ತಿ ವಹಿವಾಟು ಮಾಡಿದವರಲ್ಲಿ ಈ ಪ್ರಮಾಣ ಶೇ. 80. ಮೂವತ್ತರೊಳಗಿನ ವಯಸ್ಸಿನವರಲ್ಲಿ ಶೇ. 76. ಜಾಸ್ತಿ ಆಡಿದಷ್ಟೂ ಕೈ ಪಳಗುತ್ತದೆ ಅನ್ನುವ ನಂಬಿಕೆಗೆ ಇದರಲ್ಲಿ ಆಧಾರವಿಲ್ಲ.

ಹಾಗಾಗಿ ಪೂರ್ತಿ ಹೋದರೂ ಮನೆ ನಡೆಯುವಂಥ ದುಡ್ಡನ್ನು ಮಾತ್ರ ಇಡಿ. ಹತ್ತಿ ಮಾರಿದ ದುಡ್ಡು, ಸಂಘದ ಸಾಲ, ಮುಂದಿನ ಬೆಳೆಯ ಬೀಜ ಗೊಬ್ಬರಕ್ಕೆ ಎತ್ತಿಟ್ಟದ್ದು, ಆ್ಯಪ್‌ನಲ್ಲಿ ಪಡೆದ ಸಾಲ ಇವ್ಯಾವೂ ಬೇಡ. ಸಾಲದ ದುಡ್ಡಿದ್ದರೆ ನಷ್ಟದಲ್ಲಿ ಹೊರಬರಲು ಕೈಯೇ ಬರುವುದಿಲ್ಲ. ಮುಂದಿನ ಲೆಕ್ಕಗಳಿಗೆ 50,000 ರೂಪಾಯಿ ಬಂಡವಾಳ ಅಂತ ಇಟ್ಟುಕೊಳ್ಳೋಣ.

## ಹಂತ 2: ಬೇಕಾದ ಸಾಮಾನು

ಸೆಬಿಯಲ್ಲಿ ನೋಂದಣಿ ಆಗಿರುವ ಬ್ರೋಕರ್ ಬಳಿ ಕೊಳ್ಳಲು ಮಾರಲು ಟ್ರೇಡಿಂಗ್ ಖಾತೆ, ಷೇರು ಇಡಲು ಡಿಮ್ಯಾಟ್ ಖಾತೆ. ಎರಡು ಬೇರೆ ಬೇರೆ ಕಂಪನಿಗಳ ಇಂಟರ್ನೆಟ್: ಒಂದು ಮನೆಯ ವೈಫೈ, ಇನ್ನೊಂದು ಮೊಬೈಲ್ ಡೇಟಾ. ಕರೆಂಟು ಹೋದರೂ ವೈಫೈ ಪೆಟ್ಟಿಗೆ ನಡೆಯುವಷ್ಟು ಇನ್ವರ್ಟರ್ ಇಲ್ಲವೇ ಚಿಕ್ಕ ಯುಪಿಎಸ್. ನಮ್ಮ ಕಡೆ ಬೇಸಿಗೆಯಲ್ಲಿ ಇದು ತೀರಾ ಅಗತ್ಯ. ಜೆಸ್ಕಾಂ ನಿರ್ವಹಣೆ ಕೆಲಸಕ್ಕೆ ಕರೆಂಟು ತೆಗೆಯುತ್ತೇವೆ ಅಂತ ಮೊದಲೇ ತಿಳಿಸಿದ ದಿನ ಟ್ರೇಡ್ ಬೇಡ.

ಬ್ರೋಕರ್‌ನ ಫೋನ್ ಡೆಸ್ಕ್ ನಂಬರನ್ನು ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿ. ಆ್ಯಪ್ ನಿಂತಾಗ ಅದೇ ಆ್ಯಪ್‌ನಲ್ಲಿ ನಂಬರ್ ಹುಡುಕಲು ಆಗುವುದಿಲ್ಲ. ಜೊತೆಗೊಂದು ನೋಟ್‌ಬುಕ್ ಇರಲಿ.

ಶಿಫ್ಟ್‌ನಲ್ಲಿ, ಹೊಲಿಗೆ ಮಷೀನ್ ಮುಂದೆ, ಬಸ್ಸಿನಲ್ಲಿ ಕೂತು ಇಂಟ್ರಾಡೇ ಮಾಡಬೇಡಿ. ಸಮಯ ಇಲ್ಲದವರಿಗೆ ಇದು ಸರಿಹೋಗುವ ಕೆಲಸವೇ ಅಲ್ಲ.

## ಹಂತ 3: ಸುದ್ದಿ ಯಾವ ಷೇರಿಗೆ ತಾಗುತ್ತದೆ

ಇಲ್ಲೇ ಅರ್ಧ ಜನ ಎಡವುವುದು. ಆ್ಯಪಲ್ ಅಮೆರಿಕದ ನಾಸ್ಡಾಕ್‌ನಲ್ಲಿದೆ. ಸ್ಯಾಮ್‌ಸಂಗ್ ದಕ್ಷಿಣ ಕೊರಿಯಾದಲ್ಲಿದೆ. ದೇವನಹಳ್ಳಿ ಹತ್ತಿರ ಘಟಕ ಹಾಕಿರುವ ಫಾಕ್ಸ್‌ಕಾನ್‌ನ ಮಾತೃ ಕಂಪನಿ ತೈವಾನ್ ಮಾರುಕಟ್ಟೆಯಲ್ಲಿದೆ. ಕೋಲಾರದ ನರಸಾಪುರದಲ್ಲಿ ಐಫೋನ್ ಜೋಡಿಸುವ ಟಾಟಾ ಎಲೆಕ್ಟ್ರಾನಿಕ್ಸ್ ಷೇರುಪೇಟೆಯಲ್ಲಿ ಇಲ್ಲ. ಐಫೋನ್ ಸುದ್ದಿ ಬಂತು ಅಂತ ಟಾಟಾ ಹೆಸರಿರುವ ಯಾವುದೋ ಷೇರು ಕೊಳ್ಳುವವರನ್ನು ಪ್ರತಿ ವರ್ಷ ಸೆಪ್ಟೆಂಬರಿನಲ್ಲಿ ನೋಡುತ್ತೇನೆ. ಆ ಷೇರಿಗೂ ಐಫೋನಿಗೂ ಸಂಬಂಧವೇ ಇರುವುದಿಲ್ಲ.

ಹಾಗಾದರೆ ನಮ್ಮ ಮಾರುಕಟ್ಟೆಯಲ್ಲಿ ಏನಿದೆ? ಬೇರೆ ಬೇರೆ ಬ್ರ್ಯಾಂಡ್‌ಗಳಿಗೆ ಫೋನ್ ತಯಾರಿಸಿ ಕೊಡುವ ಡಿಕ್ಸನ್ ಟೆಕ್ನಾಲಜೀಸ್ ಇದೆ. ಆ್ಯಪಲ್ ಸಾಮಾನು ಹಂಚುವ ರೆಡಿಂಗ್ಟನ್ ಇದೆ. ಮೈಸೂರಿನ ಕೇನ್ಸ್ ಟೆಕ್ನಾಲಜಿಯೂ ಎಲೆಕ್ಟ್ರಾನಿಕ್ಸ್ ತಯಾರಿಕೆಯದೇ. ಆದರೆ ಅದರ ಕೆಲಸ ವಾಹನ, ಕೈಗಾರಿಕೆ, ರೈಲ್ವೆ, ವಿಮಾನಯಾನದಂಥ ಕಡೆ ಇದೆ. ಹೊಸ ಫೋನ್ ಬಂದರೆ ಅದಕ್ಕೆ ನೇರವಾಗಿ ಏನು ಲಾಭ? ಈ ಪ್ರಶ್ನೆಗೆ ಒಂದು ವಾಕ್ಯದಲ್ಲಿ ಉತ್ತರ ಬರೆಯಲು ಆಗದಿದ್ದರೆ ಆ ಷೇರನ್ನು ಪಟ್ಟಿಯಿಂದ ತೆಗೆಯಿರಿ.

ಉಳಿದ ಷೇರುಗಳಿಗೆ ಎನ್‌ಎಸ್‌ಇ (ರಾಷ್ಟ್ರೀಯ ಷೇರುಪೇಟೆ) ತಾಣದಲ್ಲಿ ಮೂರು ವಿಷಯ ನೋಡಿ. ಇಕ್ಯೂ ಸೀರೀಸ್‌ನಲ್ಲಿದೆಯಾ, ಅಂದರೆ ಮಾಮೂಲಿ ವಹಿವಾಟಿನ ಗುಂಪಿನಲ್ಲಿದೆಯಾ? ಬಿಇ ಅಂತಿದ್ದರೆ ಅದು ಟ್ರೇಡ್ ಟು ಟ್ರೇಡ್, ಕೊಂಡ ಷೇರನ್ನು ಪೂರ್ತಿ ದುಡ್ಡು ಕೊಟ್ಟು ಪಡೆಯಲೇಬೇಕು, ಇಂಟ್ರಾಡೇಗೆ ಅವಕಾಶವಿಲ್ಲ. ಎಎಸ್‌ಎಂ ಅಥವಾ ಜಿಎಸ್‌ಎಂ ನಿಗಾ ಪಟ್ಟಿಯಲ್ಲಿದೆಯಾ? ಇದ್ದರೆ ಬಿಡಿ. ದಿನದ ಸರ್ಕ್ಯೂಟ್ ಮಿತಿ, ಅಂದರೆ ಬೆಲೆ ಒಂದು ದಿನದಲ್ಲಿ ಏರಲು, ಇಳಿಯಲು ಇರುವ ಮಿತಿ ಎಷ್ಟು? ಶೇ. 2, 5, 10, 20 ಅಂತ ಮಿತಿಗಳಿರುತ್ತವೆ.

ಸರ್ಕ್ಯೂಟ್ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಶೇ. 5 ಮಿತಿಯ ಚಿಕ್ಕ ಷೇರೊಂದನ್ನು ಸುದ್ದಿ ಕೇಳಿ ಕೊಂಡಿರಿ ಅಂದುಕೊಳ್ಳಿ. ಸುದ್ದಿ ಸುಳ್ಳು ಅಂತಾಯಿತು. ಬೆಲೆ ಕೆಳಗಿನ ಸರ್ಕ್ಯೂಟ್‌ಗೆ ಬಿತ್ತು. ಪರದೆಯಲ್ಲಿ ಕೊಳ್ಳುವವರ ಕಾಲಂ ಖಾಲಿ. ನೀವು ಮಾರು ಅಂತ ಒತ್ತಿದರೂ, ಬ್ರೋಕರ್ ತಾನೇ ಮುಚ್ಚಲು ನೋಡಿದರೂ ಮಾರಾಟ ಆಗುವುದಿಲ್ಲ. ಸಂಜೆಗೆ ಅದು ಡೆಲಿವರಿ ಆಗುತ್ತದೆ, ಅಂದರೆ ಷೇರು ನಿಮ್ಮ ಹೆಸರಿಗೇ ಉಳಿಯುತ್ತದೆ, ಪೂರ್ತಿ ದುಡ್ಡು ಕಟ್ಟಬೇಕಾಗುತ್ತದೆ. ಮಾರ್ಜಿನ್ ಮೇಲೆ, ಅಂದರೆ ಬೆಲೆಯ ಒಂದು ಪಾಲು ಮಾತ್ರ ಕಟ್ಟಿ, 50,000ಕ್ಕೆ ಎರಡೂವರೆ ಲಕ್ಷದ ಷೇರು ಕೊಂಡಿದ್ದರೆ ಉಳಿದ ಎರಡು ಲಕ್ಷ ಎಲ್ಲಿಂದ ತರುತ್ತೀರಿ? ಇದಕ್ಕೇ ಹೊಸಬರು ಎಫ್ ಅಂಡ್ ಓ (ಫ್ಯೂಚರ್ಸ್, ಆಪ್ಷನ್ಸ್ ಅನ್ನುವ ಮುಂಗಡ ಒಪ್ಪಂದಗಳು ಇರುವ) ಪಟ್ಟಿಯಲ್ಲಿರುವ ದೊಡ್ಡ ಷೇರುಗಳಲ್ಲಿ ಮಾತ್ರ ಇರಬೇಕು ಅನ್ನುವುದು. ಅವುಗಳಿಗೆ ಇಂಥ ಗಟ್ಟಿ ಮಿತಿ ಇಲ್ಲ, ಕೊಳ್ಳುವವರು ಮಾರುವವರು ಸಾಮಾನ್ಯವಾಗಿ ಇರುತ್ತಾರೆ. ನಾನು ಹೇಳುತ್ತಿರುವುದು ಆ ಕಂಪನಿಗಳ ಷೇರು, ಅವುಗಳ ಫ್ಯೂಚರ್ಸ್, ಆಪ್ಷನ್ಸ್ ಅಲ್ಲ.

ಆ್ಯಪಲ್ ಷೇರನ್ನೇ ಅಮೆರಿಕದಲ್ಲಿ ಇಂಟ್ರಾಡೇ ಮಾಡಬಹುದಾ ಅಂತಲೂ ಕೇಳುತ್ತಾರೆ. ಆರ್‌ಬಿಐನ ಎಲ್‌ಆರ್‌ಎಸ್ (ವಿದೇಶಕ್ಕೆ ದುಡ್ಡು ಕಳಿಸಲು ಇರುವ ಯೋಜನೆ) ಅಡಿಯಲ್ಲಿ ದುಡ್ಡು ಕಳಿಸಿ ವಿದೇಶಿ ಷೇರು ಕೊಳ್ಳಬಹುದು. ಆದರೆ ವಿದೇಶಿ ಮಾರುಕಟ್ಟೆಗೆ ಮಾರ್ಜಿನ್ ಕಟ್ಟಲು ಆ ದಾರಿಯಲ್ಲಿ ದುಡ್ಡು ಕಳಿಸುವಂತಿಲ್ಲ. ಮಾರ್ಜಿನ್ ಕೊಡುತ್ತೇವೆ ಅನ್ನುವ ವಿದೇಶಿ ಆ್ಯಪ್‌ಗಳಿಂದ ದೂರ ಇರಿ.

## ಹಂತ 4: ರಾತ್ರಿಯೇ ಸುದ್ದಿಯನ್ನು ತೂಗಿ ನೋಡಿ

ಆ್ಯಪಲ್‌ನಂಥ ಫೋನ್ ಕಂಪನಿಗಳ ಸುದ್ದಿ ಹೆಚ್ಚಾಗಿ ನಮ್ಮ ರಾತ್ರಿಯಲ್ಲಿ ಬರುತ್ತದೆ. ಆ್ಯಪಲ್‌ನ ಸೆಪ್ಟೆಂಬರ್ ಕಾರ್ಯಕ್ರಮ ಸಾಮಾನ್ಯವಾಗಿ ಕ್ಯಾಲಿಫೋರ್ನಿಯಾದಲ್ಲಿ ಬೆಳಿಗ್ಗೆ 10ಕ್ಕೆ ಶುರುವಾಗುತ್ತದೆ. ಆಗ ನಮಗೆ ರಾತ್ರಿ 10.30. ನಮ್ಮ ಪೇಟೆ ತೆರೆಯುವುದು ಮರುದಿನ ಬೆಳಿಗ್ಗೆ 9.15ಕ್ಕೆ. ಅಷ್ಟರಲ್ಲಿ ದೊಡ್ಡ ದೊಡ್ಡ ಸಂಸ್ಥೆಗಳು ಲೆಕ್ಕ ಹಾಕಿ ಮುಗಿಸಿರುತ್ತವೆ. ನಿಮ್ಮ ವಾಟ್ಸ್ಆ್ಯಪ್‌ಗೆ ಬಂದ ಸುದ್ದಿ ಬೆಲೆಯಲ್ಲಿ ಆಗಲೇ ಸೇರಿರುತ್ತದೆ ಅಂದುಕೊಂಡೇ ಕೆಲಸ ಶುರು ಮಾಡಿ.

ನೋಟ್‌ಬುಕ್ ತೆಗೆದು ಈ ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಈ ಸುದ್ದಿಯನ್ನು ಮೊದಲು ಹೇಳಿದವರು ಯಾರು? ಹತ್ತು ತಾಣಗಳು ಬರೆದಿದ್ದರೂ ಎಲ್ಲವೂ ಒಂದೇ ಕಡೆಯಿಂದ ಎತ್ತಿದ್ದಾದರೆ ಮೂಲ ಒಂದೇ. ಕಂಪನಿ ಷೇರುಪೇಟೆಗೆ ಏನಾದರೂ ತಿಳಿಸಿದೆಯಾ? ಎನ್‌ಎಸ್‌ಇ, ಬಿಎಸ್‌ಇ ತಾಣಗಳ ಕಾರ್ಪೊರೇಟ್ ಪ್ರಕಟಣೆ ಪುಟದಲ್ಲಿ ಕಂಪನಿಯ ಹೆಸರು ಹಾಕಿ ನೋಡಿ. ಕಳೆದ ಐದಾರು ದಿನದಲ್ಲಿ ಷೇರು ಎಷ್ಟು ಏರಿದೆ? ಆಗಲೇ ಚೆನ್ನಾಗಿ ಏರಿದ್ದರೆ ಸುದ್ದಿ ನಿಜವಾದ ದಿನ ಬೆಲೆ ಇಳಿಯುವುದೂ ಉಂಟು. ಮೊದಲೇ ಕೊಂಡವರು ಆ ದಿನ ಮಾರುತ್ತಾರೆ.

ರಾಯಚೂರಿನ ಹತ್ತಿ ಮಾರುಕಟ್ಟೆಗೆ ಹೋದವರಿಗೆ ಇದು ಗೊತ್ತು. ಚಹಾದಂಗಡಿಯಲ್ಲಿ ಕೇಳಿದ ರೇಟು ಬೇರೆ, ಟೆಂಡರ್‌ನಲ್ಲಿ ನಿಮ್ಮ ಲಾಟಿಗೆ ಬರೆದ ರೇಟು ಬೇರೆ. ಕೈಗೆ ಬರುವುದು ಎರಡನೆಯದು.

ನಂಬಿಕಸ್ಥರು ಹೇಳಿದ ಮಾತ್ರಕ್ಕೆ ಸುದ್ದಿ ನಿಜವಾಗಬೇಕಿಲ್ಲ. 2007ರ ಮೇ 16ರಂದು ಎಂಗ್ಯಾಜೆಟ್ ಅನ್ನುವ ಹೆಸರುವಾಸಿ ತಂತ್ರಜ್ಞಾನ ತಾಣ, ಮೊದಲ ಐಫೋನ್ ಜೂನ್ ಬದಲು ಅಕ್ಟೋಬರಿಗೆ ಹೋಗುತ್ತದೆ ಅಂತ ಬರೆಯಿತು. ಆಧಾರ, ಆ್ಯಪಲ್ ನೌಕರರಿಗೆ ಬಂದಿದ್ದ ಒಂದು ಇಮೇಲ್. ನೌಕರರಿಗೆ ಆ ಇಮೇಲ್ ಬಂದದ್ದು ನಿಜ, ಆದರೆ ಇಮೇಲೇ ನಕಲಿ. ಆರು ನಿಮಿಷದೊಳಗೆ ಆ್ಯಪಲ್ ಷೇರು ಸುಮಾರು ಶೇ. 4 ಬಿತ್ತು. ಕಂಪನಿ ಸ್ಪಷ್ಟನೆ ಕೊಟ್ಟ ಮೇಲೆ ಅದೇ ದಿನ ಬಹುಪಾಲು ಮೇಲೆ ಬಂತು. ಗಾಬರಿಯಲ್ಲಿ ಕಡಿಮೆ ಬೆಲೆಗೆ ಮಾರಿದವರ ನಷ್ಟ ಮಾತ್ರ ಹಾಗೇ ಉಳಿಯಿತು. ಐಫೋನ್ ಜೂನ್ 29ಕ್ಕೇ ಅಂಗಡಿಗೆ ಬಂತು. ಮರುವರ್ಷ, 2008ರ ಅಕ್ಟೋಬರ್ 3ರಂದು, ಸ್ಟೀವ್ ಜಾಬ್ಸ್‌ಗೆ ಹೃದಯಾಘಾತ ಆಗಿದೆ ಅಂತ ಸಿಎನ್‌ಎನ್‌ನ ಸಾರ್ವಜನಿಕರು ಬರೆಯುವ ಪುಟದಲ್ಲಿ ಯಾರೋ ಹಾಕಿದರು. ಅದೂ ಸುಳ್ಳು, ಅವತ್ತೂ ಷೇರು ಕುಸಿಯಿತು.

ನಮ್ಮಲ್ಲಿ ಈಗ ಒಂದು ಒಳ್ಳೆಯ ನಿಯಮ ಇದೆ. ಮುಖ್ಯವಾಹಿನಿ ಮಾಧ್ಯಮದಲ್ಲಿ ಬಂದ ವದಂತಿಯಿಂದ ಷೇರಿನ ಬೆಲೆ ಗಣನೀಯವಾಗಿ ಅಲುಗಾಡಿದರೆ, ಕಂಪನಿ 24 ಗಂಟೆಯೊಳಗೆ ಅದನ್ನು ಒಪ್ಪಬೇಕು, ಅಲ್ಲಗಳೆಯಬೇಕು ಇಲ್ಲವೇ ಸ್ಪಷ್ಟನೆ ಕೊಡಬೇಕು. 2024ರ ಜೂನ್ 1ರಿಂದ ಮೊದಲ 100 ದೊಡ್ಡ ಕಂಪನಿಗಳಿಗೆ, ಡಿಸೆಂಬರ್ 1ರಿಂದ ಮೊದಲ 250ಕ್ಕೆ ಸೆಬಿ ಇದನ್ನು ಕಡ್ಡಾಯ ಮಾಡಿದೆ. ಇದರಿಂದ ಎರಡು ವಿಷಯ ತಿಳಿದುಕೊಳ್ಳಿ. ನೀವು ಟ್ರೇಡ್‌ನಲ್ಲಿರುವಾಗಲೇ ಸ್ಪಷ್ಟನೆ ಬಂದು ಬೆಲೆ ತಿರುಗಬಹುದು. ಇನ್ನು, ಟೆಲಿಗ್ರಾಂ ಗುಂಪಿನಲ್ಲಷ್ಟೇ ಓಡಾಡುವ ಮಾತಿಗೆ ಉತ್ತರ ಕೊಡಲು ಯಾವ ಕಂಪನಿಗೂ ಈ ನಿಯಮ ಅನ್ವಯಿಸುವುದಿಲ್ಲ. ಹಾಗಾಗಿ "ಕಂಪನಿ ಅಲ್ಲಗಳೆದಿಲ್ಲವಲ್ಲ, ಅಂದರೆ ನಿಜ" ಅನ್ನುವ ವಾದ ತಪ್ಪು.

ಮೂಲ ಯಾವುದು ಅಂತ ತಿಳಿಯದಿದ್ದರೆ ನಾಳೆ ಟ್ರೇಡ್ ಇಲ್ಲ. ಅಷ್ಟು ಬರೆದು ಮಲಗಿ.

## ಹಂತ 5: ಹೊರಬರುವ ಬೆಲೆ ಮೊದಲು, ಎಷ್ಟು ಷೇರು ಆಮೇಲೆ

ಈ ಹಂತ ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ಒಂದು ಟ್ರೇಡ್‌ನಲ್ಲಿ ಬಂಡವಾಳದ ಶೇ. 1ಕ್ಕಿಂತ ಜಾಸ್ತಿ ಕಳೆದುಕೊಳ್ಳಬಾರದು ಅನ್ನುವುದು ನಾನು ಪಾಲಿಸುವ, ಎಲ್ಲರಿಗೂ ಹೇಳುವ ಲೆಕ್ಕ. 50,000ಕ್ಕೆ ಅದು 500 ರೂಪಾಯಿ.

ಒಂದು ಷೇರನ್ನು 1,400ಕ್ಕೆ ಕೊಳ್ಳುವ ಯೋಚನೆ ಇದೆ. 1,386ಕ್ಕಿಂತ ಕೆಳಗೆ ಹೋದರೆ ನಮ್ಮ ಎಣಿಕೆ ತಪ್ಪು ಅಂತ ಚಾರ್ಟ್ ನೋಡಿ ತೀರ್ಮಾನಿಸಿದ್ದೀರಿ. ಷೇರಿಗೆ 14 ರೂಪಾಯಿ ಅಪಾಯ. 500ನ್ನು 14ರಿಂದ ಭಾಗಿಸಿದರೆ 35 ಚಿಲ್ಲರೆ. ನೀವು ಕೊಳ್ಳಬೇಕಾದದ್ದು 35 ಷೇರು, ಅಂದರೆ 49,000 ರೂಪಾಯಿಯದು. ಸ್ಟಾಪ್‌ಲಾಸ್, ಅಂದರೆ ನಷ್ಟ ನಿಲ್ಲಿಸಲು ಹೊರಬರುವ ಬೆಲೆ, 40 ರೂಪಾಯಿ ದೂರ ಇದ್ದರೆ? ಆಗ 12 ಷೇರು ಮಾತ್ರ. ಷೇರು ಜಾಸ್ತಿ ಸಿಗಲಿ ಅಂತ ಸ್ಟಾಪ್‌ಲಾಸನ್ನು ಹತ್ತಿರಕ್ಕೆ ಎಳೆಯಬೇಡಿ.

ಖರ್ಚನ್ನೂ ಸೇರಿಸಿ. 35 ಷೇರನ್ನು 1,421ಕ್ಕೆ ಮಾರಿದರೆ ಲಾಭ 735. ಎರಡು ಕಡೆಯ ಬ್ರೋಕರೇಜ್ ಶೇ. 0.03ರಂತೆ ಹಿಡಿದರೆ ಸುಮಾರು 30 ರೂಪಾಯಿ. ಮಾರುವಾಗ ಎಸ್‌ಟಿಟಿ (ಷೇರು ವಹಿವಾಟಿನ ತೆರಿಗೆ) ಶೇ. 0.025ರಂತೆ 12 ರೂಪಾಯಿ ಚಿಲ್ಲರೆ. ಎಕ್ಸ್‌ಚೇಂಜ್ ಶುಲ್ಕ, ಸ್ಟಾಂಪ್ ಡ್ಯೂಟಿ, ಶೇ. 18 ಜಿಎಸ್‌ಟಿ ಸೇರಿ ಒಟ್ಟು 50ರ ಆಸುಪಾಸು. ಸೋತ ದಿನವೂ ಈ 50 ಹೋಗುತ್ತದೆ. ದಿನಕ್ಕೆ ಆರು ಸಲ ಕೊಂಡು ಮಾರಿದರೆ ಅದೇ 300 ಆಯಿತು.

ಇಂಟ್ರಾಡೇಗೆ ಬ್ರೋಕರ್ ಹೆಚ್ಚೆಂದರೆ ನಿಮ್ಮ ದುಡ್ಡಿನ ಐದು ಪಟ್ಟು ಕೊಳ್ಳಲು ಅವಕಾಶ ಕೊಡಬಹುದು. ಅವರು ಕೊಟ್ಟರು ಅಂತ ನೀವು ಬಳಸಬೇಕಿಲ್ಲ. ಎರಡೂವರೆ ಲಕ್ಷದ ಷೇರು ಶೇ. 2 ಇಳಿದರೆ 5,000 ಹೋಯಿತು. ಅದು ನಿಮ್ಮ ಬಂಡವಾಳದ ಹತ್ತನೇ ಒಂದು ಪಾಲು.

## ಹಂತ 6: ಬೆಳಿಗ್ಗೆ 9ರಿಂದ 9.30, ಕೈ ಕಟ್ಟಿ ಕೂರಿ

9ರಿಂದ 9.15ರವರೆಗೆ ಪ್ರೀ ಓಪನ್. ಷೇರು ನಿನ್ನೆಯ ಮುಕ್ತಾಯಕ್ಕಿಂತ ಎಷ್ಟು ಮೇಲೆ ತೆರೆಯುತ್ತದೆ ಅಂತ ಅಲ್ಲಿ ಕಾಣುತ್ತದೆ. ಸುದ್ದಿಗೆ ಶೇ. 3ಕ್ಕಿಂತ ಮೇಲೆ ತೆರೆದರೆ ನಾನು ಅದನ್ನು ಮುಟ್ಟುವುದಿಲ್ಲ. ಸುದ್ದಿಯ ರಸ ಹಿಂಡಿ ಆಗಿರುತ್ತದೆ, ಸ್ಟಾಪ್‌ಲಾಸ್ ಇಡಲು ಹತ್ತಿರದಲ್ಲಿ ಜಾಗವೇ ಇರುವುದಿಲ್ಲ.

ಮೊದಲ 15 ನಿಮಿಷ ಬೆಲೆ ಎರಡೂ ಕಡೆ ಜಿಗಿಯುತ್ತದೆ. ಆ ಹೊತ್ತಿನ ಗರಿಷ್ಠ, ಕನಿಷ್ಠ ಬೆಲೆ ಎರಡನ್ನೂ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ, ಅಷ್ಟೇ.

## ಹಂತ 7: ಆರ್ಡರ್ ಹಾಕುವುದು

9.30ರ ನಂತರ ಬೆಲೆ ಆ ಗರಿಷ್ಠವನ್ನು ದಾಟಬೇಕು. ವಿವಾಪ್, ಅಂದರೆ ಆ ದಿನದ ವಹಿವಾಟಿನ ಸರಾಸರಿ ಬೆಲೆಯ ಗೆರೆಯ ಮೇಲಿರಬೇಕು. ವಾಲ್ಯೂಮ್, ಅಂದರೆ ಕೈಬದಲಾದ ಷೇರುಗಳ ಸಂಖ್ಯೆ, ಮಾಮೂಲಿಗಿಂತ ಜಾಸ್ತಿ ಇರಬೇಕು. ಮೂರೂ ಕೂಡಿ ಬಂದರೆ ಮಾತ್ರ ಮುಂದಿನ ಹೆಜ್ಜೆ. ಗಮನಿಸಿ: ನೀವೀಗ ಕೊಳ್ಳುತ್ತಿರುವುದು ಸುದ್ದಿ ನಂಬಿ ಅಲ್ಲ, ಬೆಲೆ ನೋಡಿ.

ಮೊದಲು ಪ್ರಾಡಕ್ಟ್ ನೋಡಿ. ಎಂಐಎಸ್ ಅಥವಾ ಇಂಟ್ರಾಡೇ ಅಂತಿರಬೇಕು. ಸಿಎನ್‌ಸಿ ಅಂದರೆ ಡೆಲಿವರಿ. ನಂತರ ಲಿಮಿಟ್ ಆರ್ಡರ್ ಹಾಕಿ, ಅಂದರೆ ಇದಕ್ಕಿಂತ ಜಾಸ್ತಿಗೆ ಕೊಳ್ಳಬೇಡ ಅನ್ನುವ ಬೆಲೆ ಕೊಡಿ. ಸುದ್ದಿಯ ದಿನ, ಸಿಕ್ಕ ಬೆಲೆಗೆ ಕೊಳ್ಳುವ ಮಾರ್ಕೆಟ್ ಆರ್ಡರ್ ಹಾಕಿದರೆ ನೀವು ನೋಡಿದ ಬೆಲೆ ಒಂದು, ಸಿಗುವ ಬೆಲೆ ಇನ್ನೊಂದು.

ನೆಟ್ ನಿಧಾನ ಇದ್ದಾಗ ಒತ್ತಿದ್ದು ಹೋಯಿತೋ ಇಲ್ಲವೋ ಅಂತ ಇನ್ನೊಮ್ಮೆ ಒತ್ತುತ್ತಾರೆ. 35ರ ಬದಲು 70 ಷೇರು ಬಂದು ಕೂರುತ್ತದೆ. ಮತ್ತೆ ಒತ್ತುವ ಮುಂಚೆ ಆರ್ಡರ್ ಬುಕ್ ತೆರೆದು ನೋಡಿ.

ಆರ್ಡರ್ ಪೂರ್ತಿಯಾದ ತಕ್ಷಣ ಸ್ಟಾಪ್‌ಲಾಸ್ ಹಾಕಿ. ಮನಸ್ಸಿನಲ್ಲಿ ಇಟ್ಟುಕೊಂಡ ಸ್ಟಾಪ್‌ಲಾಸ್ ಲೆಕ್ಕಕ್ಕಿಲ್ಲ. ಇಲ್ಲಿ ಎರಡು ಬೆಲೆ ಕೇಳುತ್ತದೆ. ಟ್ರಿಗರ್ ಅಂದರೆ ಆರ್ಡರ್ ಎಚ್ಚರಗೊಳ್ಳುವ ಬೆಲೆ. ಲಿಮಿಟ್ ಅಂದರೆ ಅದಕ್ಕಿಂತ ಕಡಿಮೆಗೆ ಮಾರಬೇಡ ಅನ್ನುವ ಬೆಲೆ. ನಮ್ಮ ಉದಾಹರಣೆಯಲ್ಲಿ ಟ್ರಿಗರ್ 1,386, ಲಿಮಿಟ್ 1,384 ಇಡಿ. ಎರಡಕ್ಕೂ 1,386 ಕೊಟ್ಟರೆ, ಬೆಲೆ ಸರ್ರನೆ 1,385ಕ್ಕೆ ಜಾರಿದಾಗ ಆರ್ಡರ್ ಎಚ್ಚರಗೊಂಡು ಸುಮ್ನೆ ನಿಲ್ಲುತ್ತದೆ. ಷೇರು ಮಾತ್ರ ನಿಮ್ಮ ಬಳಿಯೇ ಉಳಿಯುತ್ತದೆ.

ಇನ್ನೊಂದು ತಪ್ಪು ಇದಕ್ಕಿಂತ ದುಬಾರಿ. ಕೆಲವರು ಸ್ಟಾಪ್‌ಲಾಸ್ ಜೊತೆಗೆ 1,421ಕ್ಕೆ ಮಾರುವ ಬೇರೆ ಆರ್ಡರನ್ನೂ ಹಾಕಿರುತ್ತಾರೆ. ಸ್ಟಾಪ್‌ಲಾಸ್ ಹೊಡೆಯಿತು, ಷೇರು ಹೋಯಿತು. ಆ ಎರಡನೇ ಆರ್ಡರ್ ರದ್ದು ಮಾಡಲು ಮರೆತರು. ಮಧ್ಯಾಹ್ನ ಬೆಲೆ 1,421 ತಲುಪಿತು, ಇಲ್ಲದ 35 ಷೇರು ಮಾರಿದಂತಾಯಿತು. ಅಂದರೆ ಗೊತ್ತಿಲ್ಲದೆ ಶಾರ್ಟ್ ಮಾಡಿದ್ದಾರೆ. ಒಂದು ಕಡೆ ಮುಗಿದ ತಕ್ಷಣ ಇನ್ನೊಂದನ್ನು ರದ್ದು ಮಾಡಿ, ಪೊಸಿಷನ್ ಪುಟದಲ್ಲಿ ಸೊನ್ನೆ ಕಾಣುವವರೆಗೆ ಎದ್ದು ಹೋಗಬೇಡಿ.

ಹೊಸಬರು ಬೇಕಂತಲೂ ಶಾರ್ಟ್ ಮಾಡಬಾರದು. ಷೇರು ಮೇಲಿನ ಸರ್ಕ್ಯೂಟ್‌ಗೆ ಹೋಗಿ ನಿಂತರೆ ವಾಪಸ್ ಕೊಳ್ಳಲು ಆಗುವುದಿಲ್ಲ. ಎಕ್ಸ್‌ಚೇಂಜ್ ಹರಾಜಿನಲ್ಲಿ ಕೊಂಡು ನಿಮ್ಮ ತಲೆಗೆ ಕಟ್ಟುತ್ತದೆ.

## ಹಂತ 8: ಒಳಗಿದ್ದಾಗ

ಸ್ಟಾಪ್‌ಲಾಸನ್ನು ಕೆಳಗೆ ಇಳಿಸಬೇಡಿ. ಇಳಿದ ಬೆಲೆಗೆ ಇನ್ನಷ್ಟು ಕೊಂಡು ಆವರೇಜ್ ಮಾಡಬೇಡಿ. ಕಂಪನಿಯ ಸ್ಪಷ್ಟನೆ ಬಂದು ಅದು ನಿಮ್ಮ ಎಣಿಕೆಗೆ ವಿರುದ್ಧವಾಗಿದ್ದರೆ ಸ್ಟಾಪ್‌ಲಾಸ್‌ಗೂ ಕಾಯದೆ ಹೊರಗೆ ಬನ್ನಿ.

ಮಧ್ಯಾಹ್ನ 3ಕ್ಕೆ, ಲಾಭವೋ ನಷ್ಟವೋ, ನೀವೇ ಮಾರಿ ಟ್ರೇಡ್ ಮುಚ್ಚಿ. ಪೇಟೆ ಮುಚ್ಚುವುದು 3.30ಕ್ಕಾದರೂ ಬ್ರೋಕರ್‌ಗಳು ಅದಕ್ಕೂ ಮೊದಲೇ ಇಂಟ್ರಾಡೇ ಪೊಸಿಷನ್‌ಗಳನ್ನು ತಾವೇ ಮುಚ್ಚಲು ಶುರು ಮಾಡುತ್ತಾರೆ, ಬಹಳ ಕಡೆ ಅದಕ್ಕೆ ಬೇರೆ ಶುಲ್ಕವೂ ಇದೆ. ನಷ್ಟದಲ್ಲಿರುವ ಇಂಟ್ರಾಡೇಯನ್ನು "ನಾಳೆ ಏರುತ್ತೆ" ಅಂತ ಡೆಲಿವರಿಗೆ ಬದಲಿಸುವುದು ನಮ್ಮ ಜಿಲ್ಲೆಗಳಲ್ಲಿ ನಾನು ಅತಿ ಹೆಚ್ಚು ಕಂಡ ತಪ್ಪು. "ಸಿಕ್ಕಾಕೊಂಡೀನಿ" ಅನ್ನುವ ಫೋನ್ ಬರುವುದು ಇಲ್ಲಿಂದಲೇ. ಒಂದು ದಿನದ ಸುದ್ದಿಗೆ ಕೊಂಡದ್ದನ್ನು ತಿಂಗಳುಗಟ್ಟಲೆ ಹೊತ್ತು ತಿರುಗಬೇಕಾಗುತ್ತದೆ.

ಸ್ಟಾಪ್‌ಲಾಸ್ ಎರಡು ಸಲ ಹೊಡೆದರೆ ಅವತ್ತಿಗೆ ಆ್ಯಪ್ ಮುಚ್ಚಿ.

## ಹಂತ 9: ಸಂಜೆಯ ಕೆಲಸ

ಇಮೇಲ್‌ಗೆ ಬರುವ ಕಾಂಟ್ರ್ಯಾಕ್ಟ್ ನೋಟ್ (ಬ್ರೋಕರ್ ಕಳಿಸುವ ಆ ದಿನದ ವಹಿವಾಟಿನ ಲೆಕ್ಕ) ತೆರೆದು ನೋಡಿ, ಖರ್ಚೆಲ್ಲ ಕಳೆದ ಮೇಲೆ ಉಳಿದದ್ದನ್ನು ನೋಟ್‌ಬುಕ್‌ನಲ್ಲಿ ಬರೆಯಿರಿ. ಪಕ್ಕದಲ್ಲಿ ಸುದ್ದಿಯ ಮೂಲ ಯಾವುದಿತ್ತು, ಕೊನೆಗೆ ಅದು ನಿಜವಾಯಿತಾ ಅನ್ನುವುದನ್ನೂ ಬರೆಯಿರಿ. ಯಾರ ಸುದ್ದಿ ಎಷ್ಟು ಗಟ್ಟಿ ಅಂತ ನಿಮಗೇ ತಿಳಿಯುತ್ತದೆ. ದುಡ್ಡು ಹಾಕದೆ ಕಾಗದದ ಮೇಲೆಯೇ ಒಂದೆರಡು ತಿಂಗಳು ಈ ಎಲ್ಲ ಹಂತಗಳನ್ನು ಮಾಡಿ ನೋಡುವುದು ಇನ್ನೂ ಒಳ್ಳೆಯದು.

ತೆರಿಗೆ ಲೆಕ್ಕದಲ್ಲಿ ಷೇರಿನ ಇಂಟ್ರಾಡೇ ಅಂದರೆ ಸ್ಪೆಕ್ಯುಲೇಟಿವ್ (ಸಟ್ಟಾ ಬಗೆಯ) ವ್ಯಾಪಾರ. ಇದರ ನಷ್ಟವನ್ನು ಸಂಬಳದಲ್ಲಾಗಲಿ ಅಂಗಡಿ ವ್ಯಾಪಾರದಲ್ಲಾಗಲಿ ಕಳೆಯುವಂತಿಲ್ಲ, ಇದೇ ಬಗೆಯ ಲಾಭದಲ್ಲಿ ಮಾತ್ರ ಕಳೆಯಬಹುದು. ನಾಲ್ಕು ವರ್ಷದವರೆಗೆ ಮುಂದಕ್ಕೆ ಒಯ್ಯಬಹುದು, ಆದರೆ ರಿಟರ್ನ್ ಸಮಯಕ್ಕೆ ಸಲ್ಲಿಸಿರಬೇಕು. ನಿಮ್ಮ ತೆರಿಗೆ ಸಲಹೆಗಾರರಿಗೆ ಇಂಟ್ರಾಡೇ ಇದೆ ಅಂತ ಮೊದಲೇ ಹೇಳಿ.

## ಇವು ಕಂಡರೆ ಅಲ್ಲಿಗೇ ನಿಲ್ಲಿಸಿ

ಯಾರೂ ಕೇಳದ ಚಿಕ್ಕ ಷೇರಿನ ಹೆಸರು ಒಂದೇ ದಿನ ಮೂರ್ನಾಲ್ಕು ಗುಂಪುಗಳಲ್ಲಿ ಬಂದರೆ, ಅದನ್ನು ಕಡಿಮೆ ಬೆಲೆಗೆ ಕೊಂಡಿಟ್ಟವರು ನಿಮಗೆ ಮಾರಲು ಕಾಯುತ್ತಿರಬಹುದು. ಲಾಭದ ಸ್ಕ್ರೀನ್‌ಶಾಟ್ ತೋರಿಸುವವರು ಸಾಕ್ಷಿ ಕೊಟ್ಟಂತಲ್ಲ, ಅದನ್ನು ಯಾರು ಬೇಕಾದರೂ ತಯಾರಿಸಬಹುದು.

ಸಲಹೆ ಕೊಡುವವರ ಸೆಬಿ ನೋಂದಣಿ ಸಂಖ್ಯೆ ಕೇಳಿ. ಹೂಡಿಕೆ ಸಲಹೆಗಾರರದು ಐಎನ್‌ಎ ಅಂತಲೂ, ರಿಸರ್ಚ್ ಅನಲಿಸ್ಟ್‌ಗಳದು ಐಎನ್‌ಎಚ್ ಅಂತಲೂ ಶುರುವಾಗುತ್ತದೆ. ಸಂಖ್ಯೆ ಕೊಟ್ಟರೂ ಸೆಬಿ ತಾಣದಲ್ಲಿ ಹೆಸರು ತಾಳೆ ನೋಡಿ. ನೋಂದಣಿ ಇದ್ದವರೂ ಇಷ್ಟೇ ಲಾಭ ಖಚಿತ ಅಂತ ಭರವಸೆ ಕೊಡುವಂತಿಲ್ಲ.

"ನಿಮ್ಮ ಖಾತೆ ನಾವೇ ನಡೆಸುತ್ತೇವೆ, ಪಾಸ್‌ವರ್ಡ್, ಒಟಿಪಿ ಕೊಡಿ" ಅಂದರೆ ಮಾತು ಮುಂದುವರಿಸಬೇಡಿ. ಲಿಂಕ್ ಕಳಿಸಿ ಆ್ಯಪ್ ಹಾಕಿಸುವವರು, ದುಡ್ಡನ್ನು ಯಾರದೋ ವೈಯಕ್ತಿಕ ಖಾತೆಗೆ ಹಾಕಿ ಅನ್ನುವವರು ಮೋಸಗಾರರೇ. ಅವರ ಆ್ಯಪ್‌ನಲ್ಲಿ ಲಾಭ ಏರುತ್ತಲೇ ಹೋಗುತ್ತದೆ, ತೆಗೆಯಲು ಹೋದಾಗ "ಮೊದಲು ತೆರಿಗೆ ಕಟ್ಟಿ" ಅನ್ನುತ್ತಾರೆ. ಆ ತೆರಿಗೆ ಕಟ್ಟಬೇಡಿ. ದುಡ್ಡು ಹೋಗಿದೆ ಅಂತ ತಿಳಿದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಡ ಮಾಡಿದಷ್ಟೂ ಆ ದುಡ್ಡನ್ನು ಬ್ಯಾಂಕ್ ತಡೆಹಿಡಿಯುವ ಸಾಧ್ಯತೆ ಕಡಿಮೆ. ಆಮೇಲೆ ಬ್ಯಾಂಕಿಗೆ ತಿಳಿಸಿ, ಚಾಟ್ ಅಳಿಸದೆ ಹಾಗೇ ಇಟ್ಟುಕೊಂಡು ಸೈಬರ್ ಪೊಲೀಸ್ ಠಾಣೆಗೆ ಹೋಗಿ. ನೋಂದಾಯಿತ ಬ್ರೋಕರ್ ಮೇಲಿನ ದೂರಾದರೆ ಮೊದಲು ಬ್ರೋಕರ್‌ಗೇ ಇಮೇಲ್‌ನಲ್ಲಿ ಬರೆಯಿರಿ. ಅಲ್ಲಿ ಬಗೆಹರಿಯದಿದ್ದರೆ ಸೆಬಿಯ ಸ್ಕೋರ್ಸ್ ತಾಣದಲ್ಲಿ ದಾಖಲಿಸಿ, ದೂರಿನ ಸಂಖ್ಯೆಯನ್ನು ಅದೇ ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಳ್ಳಿ.